ನೀರಿನ ಲೆಕ್ಕವಿಟ್ಟು ದುರ್ಗ ನೋಡುವುದು ಹೇಗೆ: ಎರಡು ದಿನಗಳ ಪ್ರವಾಸಕ್ಕೊಂದು ಸಮಗ್ರ ಮಾರ್ಗದರ್ಶಿ

ಚಿತ್ರದುರ್ಗದ ನಮ್ಮ ದೊಡ್ಡಮ್ಮನ ಮನೆಯಲ್ಲಿ ಬಚ್ಚಲಿನ ಪಕ್ಕಕ್ಕೆ ಎರಡು ದೊಡ್ಡ ಡ್ರಮ್ಮುಗಳಿದ್ದವು. ಬೇಸಿಗೆ ರಜೆಗೆ ದಾವಣಗೆರೆಯಿಂದ ಹೋಗುತ್ತಿದ್ದ ನಮಗೆ ಅವರು ಊಟಕ್ಕೆ ಬೇಡಬೇಡವೆಂದರೂ ಬಡಿಸುತ್ತಿದ್ದರು. ಸ್ನಾನದ ನೀರಿನಲ್ಲಿ ಮಾತ್ರ ಬಲು ಬಿಗಿ. “ಇವತ್ತು ನಲ್ಲಿ ಬಿಡೋ ದಿನ ಅಲ್ಲಪ್ಪ, ಒಂದೇ ಬಕೆಟ್ಟಿಗೆ ಮುಗಿಸ್ಕೋ” ಎಂಬ ಅವರ ಮಾತು ಭದ್ರಾ ನಾಲೆಯ ಸೀಮೆಯಲ್ಲಿ ಬೆಳೆದ ನಮಗೆ ಆಗ ಜಿಪುಣತನದಂತೆ ಕೇಳಿಸುತ್ತಿತ್ತು. ಅರವತ್ತು ಕಿಲೋಮೀಟರು ಅಂತರದ ಎರಡು ಊರುಗಳ ನಡುವೆ ಒಂದು ಬಕೆಟ್ಟು ನೀರಿನ ಬೆಲೆ ಇಷ್ಟೊಂದು ಬದಲಾಗುತ್ತದೆ ಎನ್ನುವುದು ತಿಳಿಯಲು ನನಗೆ ಹಲವು ವರ್ಷಗಳೇ ಬೇಕಾದವು.

ಪರಿಸರಕ್ಕೆ ಹೊರೆಯಾಗದ ಪ್ರವಾಸವೆಂದರೆ ಪ್ಲಾಸ್ಟಿಕ್ ಎಸೆಯದಿರುವುದು, ಒಂದು ಸಸಿ ನೆಟ್ಟು ಫೋಟೊ ತೆಗೆಸಿಕೊಳ್ಳುವುದು ಎಂಬಷ್ಟಕ್ಕೆ ನಮ್ಮ ತಿಳಿವಳಿಕೆ ನಿಂತುಬಿಟ್ಟಿದೆ. ಮಲೆನಾಡಿಗೆ ಹೊಂದುವ ಸಲಹೆಗಳನ್ನೇ ಬಯಲುಸೀಮೆಗೂ ಒಪ್ಪಿಸಿಬಿಡುತ್ತೇವೆ. ಮಳೆ ಕಡಿಮೆಯಿರುವ, ಅಂತರ್ಜಲದಲ್ಲಿ ಫ್ಲೋರೈಡ್ ತುಂಬಿರುವ, ಕುಡಿಯುವ ನೀರನ್ನು ದೂರದ ಜಲಾಶಯಗಳಿಂದ ತರಿಸಿಕೊಳ್ಳುವ ಊರಿಗೆ ಹೋಗುವಾಗ ಮೊದಲು ಇಡಬೇಕಾದದ್ದು ನೀರಿನ ಲೆಕ್ಕ. ಡೀಸೆಲ್ಲು, ಕಸ, ಹಣ ಇವೆಲ್ಲದರ ಲೆಕ್ಕ ಆಮೇಲಿನದು. ದಾವಣಗೆರೆಯಿಂದ ಹೊರಟು ಎರಡು ದಿನಗಳಲ್ಲಿ ದುರ್ಗದ ಕೋಟೆ, ಚಂದ್ರವಳ್ಳಿ ಮತ್ತು ಜೋಗಿಮಟ್ಟಿಯನ್ನು ನೋಡಿ ಬರುವ ಕ್ರಮವನ್ನು ಈ ಲೆಕ್ಕದ ಮೇಲೆಯೇ ಕೆಳಗೆ ವಿವರಿಸಿದ್ದೇನೆ.

ಹೆಜ್ಜೆ 1: ನೋಡಬೇಕಾದ ಸ್ಥಳಗಳ ಪಟ್ಟಿಯನ್ನು ಅರ್ಧಕ್ಕೆ ಇಳಿಸಿ

ಸಿದ್ಧತೆ ಚೀಲದಿಂದ ಆರಂಭವಾಗುತ್ತದೆ ಎಂದು ಹಲವರು ಭಾವಿಸುತ್ತಾರೆ. ನನ್ನ ಅನುಭವದಲ್ಲಿ ಅದು ಆರಂಭವಾಗುವುದು ಪಟ್ಟಿಯ ಮೇಲೆ ಗೆರೆ ಎಳೆಯುವುದರಿಂದ. ಎರಡು ದಿನ ಸಿಕ್ಕಿತೆಂದರೆ ಸಾಕು, ಕೋಟೆಯ ಜೊತೆಗೆ ಹಿರಿಯೂರು ತಾಲ್ಲೂಕಿನ ವಾಣಿವಿಲಾಸ ಸಾಗರ, ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ, ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗ ಎಲ್ಲವನ್ನೂ ಒಂದೇ ಕಾರಿನಲ್ಲಿ ಮುಗಿಸಿಬಿಡುವ ಯೋಜನೆಗಳು ಸಿದ್ಧವಾಗುತ್ತವೆ. ಇವು ನಾಲ್ಕೂ ದಿಕ್ಕಿಗೆ ಚೆದುರಿರುವ ಸ್ಥಳಗಳು. ಹೀಗೆ ತಿರುಗುವವನು ಹಗಲೆಲ್ಲ ರಸ್ತೆಯ ಮೇಲೆಯೇ ಇರುತ್ತಾನೆ, ಪ್ರತಿಯೊಂದು ಕಡೆಯೂ ಇಪ್ಪತ್ತು ನಿಮಿಷ ನಿಂತು, ಒಂದು ಬಾಟಲಿ ನೀರು ಕೊಂಡು, ಮುಂದಕ್ಕೆ ಓಡುತ್ತಾನೆ.

ಬ್ರಹ್ಮಗಿರಿಯನ್ನೇ ನೋಡಿ. 1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಅವರು ಅಲ್ಲಿ ಅಶೋಕನ ಶಾಸನವನ್ನು ಪತ್ತೆ ಹಚ್ಚಿದರು. ಹತ್ತಿರದ ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರದಲ್ಲಿಯೂ ಅದೇ ಶಾಸನದ ಪಾಠಗಳಿವೆ. ಇಸಿಲ ಎಂಬ ಪಟ್ಟಣದ ಅಧಿಕಾರಿಗಳಿಗೆಂದು ಬರೆಸಿದ ಆ ಶಾಸನ ತಂದೆತಾಯಿಗಳ ಮಾತು ಕೇಳಬೇಕು, ಪ್ರಾಣಿಗಳಲ್ಲಿ ದಯೆಯಿರಬೇಕು, ಸತ್ಯ ನುಡಿಯಬೇಕು ಎನ್ನುತ್ತದೆ. ಎರಡು ಸಾವಿರ ವರ್ಷಗಳಿಗೂ ಹಳೆಯ ಆ ಬಂಡೆಯ ಮುಂದೆ ಒಂದು ಪೂರ್ತಿ ದಿನವನ್ನು ಕಳೆಯುವ ವ್ಯವಧಾನ ಇಲ್ಲದಿದ್ದರೆ ಈ ಸಲ ಅದನ್ನು ಬಿಟ್ಟುಬಿಡುವುದೇ ಲೇಸು. ಬ್ರಹ್ಮಗಿರಿಗೂ ವಾಣಿವಿಲಾಸ ಸಾಗರಕ್ಕೂ ಬೇರೆ ಬೇರೆ ಪ್ರವಾಸಗಳನ್ನು ಇಟ್ಟುಕೊಳ್ಳಿ.

ಹೆಜ್ಜೆ 2: ತಿಂಗಳನ್ನೂ ವಾರವನ್ನೂ ಆರಿಸಿಕೊಳ್ಳಿ

ಸೆಪ್ಟೆಂಬರ್ ಕೊನೆಯಿಂದ ಜನವರಿಯವರೆಗಿನ ಅವಧಿ ಸೂಕ್ತ. ಹಿಂಗಾರು ಚೆನ್ನಾಗಿ ಆದ ವರ್ಷ ಕೋಟೆಯ ಹೊಂಡಗಳಲ್ಲಿ ನೀರಿರುತ್ತದೆ, ಬಂಡೆಗಳ ನಡುವೆ ಹಸಿರಿರುತ್ತದೆ. ಮಾರ್ಚ್ ಬಂದರೆ ಕಲ್ಲು ಕಾದು, ಮನುಷ್ಯ ಕುಡಿಯುವ ನೀರು ದುಪ್ಪಟ್ಟಾಗುತ್ತದೆ. ಊರಿಗೆ ನೀರಿನ ಕಷ್ಟ ಬರುವುದೂ ಅದೇ ತಿಂಗಳುಗಳಲ್ಲಿ, ಗುಡ್ಡದ ಒಣಹುಲ್ಲಿಗೆ ಬೆಂಕಿ ಬೀಳುವುದೂ ಆಗಲೇ. ಭಾನುವಾರವನ್ನು ಬಿಟ್ಟು ವಾರದ ನಡುವಿನ ದಿನ ಹೋದರೆ ಕೋಟೆಯ ಕಿರಿದಾದ ದಾರಿಗಳಲ್ಲಿ ನೂಕುನುಗ್ಗಲು ಇರುವುದಿಲ್ಲ.

ಹೆಜ್ಜೆ 3: ಬಸ್ಸಿನಲ್ಲಿ ಹೋಗಿ, ಲೆಕ್ಕ ಹೀಗಿದೆ

ದಾವಣಗೆರೆ ಬೆಂಗಳೂರು–ಹುಬ್ಬಳ್ಳಿ ರೈಲು ಮಾರ್ಗದಲ್ಲಿದೆ. ಚಿತ್ರದುರ್ಗ ನಿಲ್ದಾಣವಿರುವುದು ಚಿಕ್ಕಜಾಜೂರಿನಿಂದ ಬಳ್ಳಾರಿಯತ್ತ ಕವಲೊಡೆಯುವ ಮಾರ್ಗದಲ್ಲಿ. ಆದ್ದರಿಂದ ಈ ಎರಡು ಊರುಗಳ ನಡುವೆ ರೈಲಿನ ಸುತ್ತುದಾರಿಗಿಂತ ಹೆದ್ದಾರಿ 48ರ ಬಸ್ಸೇ ಅನುಕೂಲ, ಅದಂತೂ ದಿನವಿಡೀ ಸಿಗುತ್ತದೆ.

ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೊ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ, ಡೀಸೆಲ್ ಆದರೆ ಸುಮಾರು 2.7 ಕಿಲೊ. ಹೋಗಿಬರುವ 120 ಕಿ.ಮೀ. ದಾರಿಗೆ ಲೀಟರಿಗೆ 15 ಕಿ.ಮೀ. ಓಡುವ ಕಾರು 8 ಲೀಟರ್ ಕುಡಿಯುತ್ತದೆ, ಅಂದರೆ 18 ಕಿಲೊಗೂ ಹೆಚ್ಚು ಹೊಗೆ. ಕಾರಿನಲ್ಲಿ ನಾಲ್ವರಿದ್ದರೆ ತಲೆಗೆ ನಾಲ್ಕೂವರೆ ಕಿಲೊ ಬೀಳುತ್ತದೆ, ಒಬ್ಬನೇ ಹೋದರೆ ಅಷ್ಟೂ ಅವನದೇ. ಲೀಟರಿಗೆ 5 ಕಿ.ಮೀ. ಓಡುವ ಬಸ್ಸು ಅದೇ ದಾರಿಗೆ 24 ಲೀಟರ್ ಡೀಸೆಲ್ ಸುಟ್ಟರೂ ನಲವತ್ತು ಜನರ ನಡುವೆ ಹಂಚಿದಾಗ ಒಬ್ಬರ ಪಾಲು ಒಂದೂವರೆ ಕಿಲೊ ಆಸುಪಾಸಿಗೆ ಇಳಿಯುತ್ತದೆ. ನೀವು ಹತ್ತಿದರೂ ಹತ್ತದಿದ್ದರೂ ಆ ಬಸ್ಸು ಓಡಿಯೇ ಓಡುತ್ತದೆ ಎಂಬುದನ್ನೂ ಸೇರಿಸಿದರೆ ಕಾರಿನ ಪರವಾಗಿ ಹೇಳಲು ಹೆಚ್ಚೇನೂ ಉಳಿಯುವುದಿಲ್ಲ. ವಯಸ್ಸಾದವರು, ಕಾಲುನೋವಿನವರು ಜೊತೆಗಿದ್ದರೆ ಮಾತು ಬೇರೆ. ಆಗ ಕಾರನ್ನು ತುಂಬಿಸಿಕೊಂಡು ಹೋಗಿ.

2023ರ ಜೂನ್‌ನಿಂದ ಶಕ್ತಿ ಯೋಜನೆಯಡಿ ರಾಜ್ಯದ ಮಹಿಳೆಯರಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತವಾಗಿದೆ. ಗುರುತಿನ ಚೀಟಿ ಕೈಗೆ ಸಿಗುವಂತಿರಲಿ. ಬೆಳಗಿನ ಮೊದಲ ಬಸ್ಸುಗಳಲ್ಲಿ ಒಂದನ್ನು ಹಿಡಿದರೆ ಬಿಸಿಲೇರುವ ಮೊದಲೇ ಕೋಟೆಯ ಬಾಗಿಲಲ್ಲಿರಬಹುದು.

ಹೆಜ್ಜೆ 4: ಚೀಲದಲ್ಲಿ ಮೊದಲ ಜಾಗ ನೀರಿಗೆ

ತಲೆಗೆ ಎರಡು ಲೀಟರಿನಂತೆ ಸ್ಟೀಲು ಅಥವಾ ತಾಮ್ರದ ಬಾಟಲಿಗಳಲ್ಲಿ ನೀರು ತುಂಬಿಕೊಳ್ಳಿ. ಒಮ್ಮೆ ಏಪ್ರಿಲ್ ತಿಂಗಳಿನಲ್ಲಿ ಒಂದೇ ಲೀಟರ್ ಹೊತ್ತು ಕೋಟೆ ಹತ್ತಿದ ನಾನು ಹನ್ನೊಂದು ಗಂಟೆಗೆಲ್ಲ ಬಾಯೊಣಗಿ ಕೆಳಗಿಳಿದು ಬಂದು, ಅಂಗಡಿಯಲ್ಲಿ ಮೂರು ಪ್ಲಾಸ್ಟಿಕ್ ಬಾಟಲಿ ಕೊಂಡು ಕುಡಿದೆ. ಪರಿಸರದ ಬಗ್ಗೆ ನಾಲ್ಕು ಮಾತಾಡುವವನ ಕೈಯಲ್ಲಿ ಮೂರು ಖಾಲಿ ಬಾಟಲಿ! ಅವನ್ನು ಮನೆಗೆ ತಂದೆ. ಒಂದು ಇಂದಿಗೂ ನನ್ನ ಪುಸ್ತಕದ ಕಪಾಟಿನ ಮೇಲಿದೆ.

ಮರಳಿ ತುಂಬಿಸಿಕೊಳ್ಳುವುದು ಎಲ್ಲಿ ಎಂಬ ಪ್ರಶ್ನೆಗೆ ಈ ಜಿಲ್ಲೆಯಲ್ಲಿ ಒಳ್ಳೆಯ ಉತ್ತರವಿದೆ. ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವ ಕಾರಣಕ್ಕೆ ಊರೂರುಗಳಲ್ಲಿ ಶುದ್ಧ ಕುಡಿಯುವ ನೀರಿನ ಘಟಕಗಳನ್ನು ತೆರೆದಿದ್ದಾರೆ. ನಾಣ್ಯ ಹಾಕಿದರೆ ಕ್ಯಾನು ತುಂಬುವ ಯಂತ್ರ ಅದು. ಊರಿನವರೊಡನೆ ಸರದಿಯಲ್ಲಿ ನಿಂತು ಬಾಟಲಿ ತುಂಬಿಸಿಕೊಳ್ಳಿ. ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದವರ ಹಲ್ಲುಗಳು ಕಂದುಗಟ್ಟುತ್ತವೆ, ಮೂಳೆಗಳು ಬಿಗಿಯುತ್ತವೆ. ಕುದಿಸಿದರೆ ಅದು ಹೋಗುವುದಿಲ್ಲ, ಸಾಮಾನ್ಯ ಫಿಲ್ಟರೂ ಅದನ್ನು ತಡೆಯುವುದಿಲ್ಲ. ಎರಡು ದಿನ ಕುಡಿದು ಹೋಗುವ ಪ್ರವಾಸಿಗೆ ಇದರಿಂದ ಅಪಾಯವಿಲ್ಲ, ಆದರೆ ಅಲ್ಲಿಯೇ ಬದುಕುವವರಿಗೆ ಆ ಘಟಕವೇ ಗತಿ. ಅಲ್ಲದೆ ಒಂದು ಕ್ಯಾನು ಶುದ್ಧ ನೀರು ಬರಬೇಕಾದರೆ ಯಂತ್ರ ಸಾಕಷ್ಟು ನೀರನ್ನು ಹೊರಕ್ಕೆ ಬಿಡುತ್ತದೆ. ಹೀಗಿರುವಾಗ ಆ ನೀರಿನಲ್ಲಿ ಕೈ ತೊಳೆಯುವುದು, ಮುಖಕ್ಕೆ ಎರಚಿಕೊಳ್ಳುವುದು ಸಲ್ಲದು.

ಚೀಲದಲ್ಲಿ ಇನ್ನುಳಿದದ್ದು ಸ್ವಲ್ಪವೇ: ತಟ್ಟೆ, ಲೋಟ, ಒಂದು ಟಿಫಿನ್ ಡಬ್ಬಿ, ಬಟ್ಟೆಯ ಚೀಲ, ಕಸಕ್ಕೊಂದು ದಪ್ಪ ಚೀಲ, ಟೋಪಿ, ಹಿಡಿತವಿರುವ ಚಪ್ಪಲಿ ಅಥವಾ ಬೂಟು.

ಹೆಜ್ಜೆ 5: ಕೋಟೆಯನ್ನು ನೀರಿನ ದಾರಿ ಹಿಡಿದು ನೋಡಿ

ಬಸ್ ನಿಲ್ದಾಣದಿಂದ ಕೋಟೆಗೆ ನಡೆದೇ ಹೋಗಬಹುದು. ಏಳು ಸುತ್ತಿನ ಕೋಟೆ ಎಂದು ಹೆಸರಾದ ಇದನ್ನು ಸಾಮಾನ್ಯವಾಗಿ ಯುದ್ಧದ ಕಥೆಯಾಗಿಯೇ ತೋರಿಸುತ್ತಾರೆ: ಮದಕರಿ ನಾಯಕರು, ಹೈದರಾಲಿಯ ಮುತ್ತಿಗೆ, 1779ರ ಸೋಲು. ಅದೆಲ್ಲ ಸರಿಯೇ. ಆದರೆ ಮುತ್ತಿಗೆ ಹಾಕಿದವನಿಗೆ ಇಂಥ ಕೋಟೆ ಸುಲಭಕ್ಕೆ ಜಗ್ಗದಿರಲು ಗೋಡೆಯಷ್ಟೇ ಮುಖ್ಯ ಕಾರಣ ಒಳಗಿನ ನೀರು. ಬೋಳು ಬಂಡೆಗಳ ಮೇಲೆ ಬಿದ್ದ ಮಳೆ ಮಣ್ಣಿನಲ್ಲಿ ಇಂಗದೆ ಜಾರಿಬರುವುದನ್ನೇ ಲಾಭವಾಗಿ ಮಾಡಿಕೊಂಡು, ಆ ಇಳಿಜಾರುಗಳ ಬುಡದಲ್ಲಿ ಒಂದರ ಕೆಳಗೊಂದರಂತೆ ಹೊಂಡಗಳನ್ನು ಕಟ್ಟಿ, ಮೇಲಿನದು ತುಂಬಿದಾಗ ಹೆಚ್ಚಿನ ನೀರು ಕೆಳಗಿನದಕ್ಕೆ ಹರಿದುಹೋಗುವಂತೆ ಮಾಡಿದ ವ್ಯವಸ್ಥೆ ಅದು. ಗೋಪಾಲಸ್ವಾಮಿ ಹೊಂಡ, ಅಕ್ಕ ತಂಗಿ ಹೊಂಡ, ಸಿಹಿನೀರು ಹೊಂಡ, ಊರೊಳಗಿನ ಸಂತೆ ಹೊಂಡ ಎಂಬ ಹೆಸರುಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡು, ದಾರಿಯನ್ನು ಅವುಗಳ ಮೇಲೆ ಜೋಡಿಸಿಕೊಳ್ಳಿ.

ಮೊದಲು ಸಿಡಿಮದ್ದು ಬೀಸುವ ದೊಡ್ಡ ಕಲ್ಲುಗಳನ್ನೂ ಏಕನಾಥೇಶ್ವರಿ, ಹಿಡಿಂಬೇಶ್ವರ ದೇವಾಲಯಗಳನ್ನೂ ನೋಡಿಕೊಂಡು ಗೋಪಾಲಸ್ವಾಮಿ ಹೊಂಡದವರೆಗೆ ಏರಿ. ಅಲ್ಲಿ ಕನಿಷ್ಠ ಅರ್ಧ ಗಂಟೆ ಕುಳಿತು ಸುತ್ತಲಿನ ಬಂಡೆಗಳನ್ನು ಗಮನಿಸಿ. ನೀರು ಹರಿದು ಕಪ್ಪಾದ ಪಟ್ಟೆಗಳು ಯಾವ ಕಡೆಗೆ ಇಳಿದಿವೆ ಎಂದು ನೋಡುತ್ತ ಹೋದರೆ ಹೊಂಡವನ್ನು ಅದೇ ಜಾಗದಲ್ಲಿ ಏಕೆ ಕಟ್ಟಿದರು ಎಂಬುದು ಯಾವ ಮಾರ್ಗದರ್ಶಕರ ನೆರವೂ ಇಲ್ಲದೆ ತಿಳಿಯುತ್ತದೆ. ಮಳೆ ಬಂದ ಮರುದಿನ ಹೋಗುವ ಅದೃಷ್ಟ ನಿಮ್ಮದಾದರೆ ಈ ಪಾಠ ಇನ್ನೂ ಸ್ಪಷ್ಟ.

ಅಲ್ಲಿಂದ ಓಬವ್ವನ ಕಿಂಡಿಗೆ ಬನ್ನಿ. ಒನಕೆ ಹಿಡಿದು ನಿಂತ ಓಬವ್ವನ ಚಿತ್ರ ಎಲ್ಲರಿಗೂ ಗೊತ್ತು. ಆಕೆ ಅಲ್ಲಿಗೆ ಹೋದದ್ದು ಏಕೆ ಎನ್ನುವುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಕಾವಲಿನ ಗಂಡ ಊಟಕ್ಕೆ ಕುಳಿತಿದ್ದಾಗ ಕುಡಿಯುವ ನೀರು ತರಲೆಂದು ಹೊರಟವಳ ಕಣ್ಣಿಗೆ ಕಿಂಡಿಯಲ್ಲಿ ನುಸುಳುವ ಶತ್ರುಗಳು ಬಿದ್ದರು ಎಂಬುದು ನಮ್ಮ ಸೀಮೆಯ ಕಥೆ. ಆ ನೀರಿನ ತಾಣ ತಣ್ಣೀರು ದೋಣಿ, ಕಿಂಡಿಗೆ ಹತ್ತಿರದಲ್ಲೇ ಇದೆ. ಕಿಂಡಿಯ ಮುಂದೆ ಫೋಟೊ ತೆಗೆದುಕೊಂಡು ಹಿಂದಿರುಗುವವರು ದೋಣಿಯನ್ನು ನೋಡದೆ ಹೋಗುವುದು ನನಗೆ ಇಂದಿಗೂ ಬೇಸರದ ಸಂಗತಿ.

ಕೋಟೆಯಲ್ಲಿ ಪಾಲಿಸಬೇಕಾದ ಕೆಲವು ಕಟ್ಟುಗಳಿವೆ. ಹೊಂಡದ ನೀರಿಗೆ ಕಾಲಿಳಿಬಿಡುವುದು, ಕಲ್ಲೆಸೆಯುವುದು, ಪೂಜೆಯ ಪ್ಲಾಸ್ಟಿಕ್ ಕವರು ತೇಲಿಬಿಡುವುದು ಬೇಡ. ಕೋತಿಗಳಿಗೆ ಏನನ್ನೂ ಕೊಡಬೇಡಿ. ಬಿಸ್ಕತ್ತಿನ ರುಚಿ ಹತ್ತಿದ ಕೋತಿ ಮುಂದಿನ ಪ್ರವಾಸಿಯ ಚೀಲವನ್ನು ಕಿತ್ತುಕೊಳ್ಳುತ್ತದೆ, ಆಮೇಲೆ ಪೆಟ್ಟು ತಿನ್ನುವುದೂ ಅದೇ. ಪಾಪ ಎಂದು ಕೊಟ್ಟವರು ಅಷ್ಟು ಹೊತ್ತಿಗೆ ಮನೆ ಸೇರಿರುತ್ತಾರೆ. ಸೀತಾಫಲದ ಗಿಡಗಳು ಅಲ್ಲಲ್ಲಿ ಕಾಣುತ್ತವೆ, ಹಣ್ಣು ಬೇಕಾದವರು ಕೆಳಗೆ ಬುಟ್ಟಿಯಿಟ್ಟುಕೊಂಡು ಕುಳಿತವರಲ್ಲಿ ಕೊಳ್ಳಲಿ. ಬಂಡೆಯ ಮೇಲೆ ಹೆಸರು ಕೆತ್ತುವವರಿಗೆ ಬುದ್ಧಿಮಾತು ನಾಟುವುದಿಲ್ಲವಾದ್ದರಿಂದ ಕಾನೂನನ್ನೇ ಹೇಳುತ್ತೇನೆ: ಸಂರಕ್ಷಿತ ಸ್ಮಾರಕವನ್ನು ವಿರೂಪಗೊಳಿಸಿದವರಿಗೆ ಎರಡು ವರ್ಷಗಳವರೆಗೆ ಸೆರೆವಾಸ, ಒಂದು ಲಕ್ಷ ರೂಪಾಯಿಗಳವರೆಗೆ ದಂಡ, ಇಲ್ಲವೇ ಎರಡನ್ನೂ ವಿಧಿಸಬಹುದು.

ಹನ್ನೆರಡು ಗಂಟೆಯೊಳಗೆ ಕೆಳಗಿಳಿದುಬಿಡಿ.

ಹೆಜ್ಜೆ 6: ಮಧ್ಯಾಹ್ನದ ಊಟ ಮತ್ತು ಹಣದ ದಾರಿ

ಮುದ್ದೆ, ಸೊಪ್ಪಿನ ಸಾರು, ಜೋಳದ ರೊಟ್ಟಿ, ಶೇಂಗಾ ಚಟ್ನಿ ಸಿಗುವ ಖಾನಾವಳಿಯನ್ನು ಹುಡುಕಿ. ರಾಗಿ, ಜೋಳ, ನವಣೆ, ಸಾವೆಗಳು ಭತ್ತಕ್ಕಿಂತ ಬಹಳ ಕಡಿಮೆ ನೀರಿನಲ್ಲಿ ಬೆಳೆಯುವ ಧಾನ್ಯಗಳು. ಹೊಸದುರ್ಗ ತಾಲ್ಲೂಕು ಸಾವೆಗೆ, ಚಳ್ಳಕೆರೆ ಸೀಮೆ ಶೇಂಗಾಕ್ಕೆ ಹೆಸರಾಗಿವೆ. ನಾಲೆಯ ನೀರಿನ ಭತ್ತ ಉಂಡು ಬೆಳೆದ ದಾವಣಗೆರೆಯವನಾಗಿ ಇದನ್ನು ಹೇಳಲು ನನಗೆ ಸ್ವಲ್ಪ ಸಂಕೋಚವೇ, ಆದರೂ ಮಳೆಯಾಶ್ರಿತ ಹೊಲದ ಬೆಳೆಯನ್ನು ಆ ಸೀಮೆಯಲ್ಲಿಯೇ ಉಣ್ಣುವುದಕ್ಕಿಂತ ಅಲ್ಲಿನ ನೆಲಕ್ಕೆ ಒಪ್ಪುವ ಊಟ ಇನ್ನೊಂದಿಲ್ಲ. ತಟ್ಟೆಯಲ್ಲಿ ಬಿಡುವ ತುತ್ತಿನೊಳಗೂ ನೀರಿದೆ, ಹಾಗಾಗಿ ಹಸಿವಿದ್ದಷ್ಟೇ ಬಡಿಸಿಕೊಳ್ಳಿ. ಮೊಳಕಾಲ್ಮುರು ರೇಷ್ಮೆ ಸೀರೆ ಕೊಳ್ಳುವ ಮನಸ್ಸಿದ್ದರೆ ಅದು ಕೈಮಗ್ಗದ್ದೇ ಎಂಬುದನ್ನು ವಿಚಾರಿಸಿಕೊಳ್ಳಿ.

ಹೆಜ್ಜೆ 7: ಸಂಜೆಗೆ ಚಂದ್ರವಳ್ಳಿ

ಊರಿನಿಂದ ಆಟೋದಲ್ಲಿ ಸ್ವಲ್ಪ ಹೊತ್ತಿನ ದಾರಿ. ಮೂರು ಕಡೆ ಗುಡ್ಡ, ನಡುವೆ ಕೆರೆ. ಇಲ್ಲಿನ ಬಂಡೆಯೊಂದರ ಮೇಲೆ ಕದಂಬ ಮಯೂರಶರ್ಮನು ತಟಾಕ ನಿರ್ಮಿಸಿದ್ದನ್ನು ಹೇಳುವ ಪ್ರಾಕೃತ ಶಾಸನವಿದೆ. ಕನ್ನಡ ನಾಡಿನ ಮೊದಲ ಅರಸು ಮನೆತನಗಳಲ್ಲಿ ಒಂದೆಂದು ನಾವು ಹೆಮ್ಮೆಪಡುವ ವಂಶದ ಮೂಲಪುರುಷನ ಹೆಸರು ದುರ್ಗದ ಕಲ್ಲಿನಲ್ಲಿ ಉಳಿದಿರುವುದು ಒಂದು ಕೆರೆಯ ಕಾರಣಕ್ಕೆ. 1929ರಲ್ಲಿ ಎಂ.ಎಚ್. ಕೃಷ್ಣ, 1947ರಲ್ಲಿ ಮಾರ್ಟಿಮರ್ ವೀಲರ್ ಇಲ್ಲಿ ಉತ್ಖನನ ನಡೆಸಿದರು. ಶಾತವಾಹನರ ನಾಣ್ಯಗಳೂ ರೋಮನ್ ನಾಣ್ಯಗಳೂ ಈ ಮಣ್ಣಿನಲ್ಲಿ ದೊರೆತಿವೆ. ಕಾಲಿಗೆ ತಗುಲುವ ಮಡಕೆಯ ಚೂರನ್ನು ನೆನಪಿಗೆಂದು ಜೇಬಿಗಿಳಿಸಬೇಡಿ. ಬಿದ್ದಲ್ಲಿಯೇ ಇದ್ದರೆ ಅದು ಚರಿತ್ರೆಯ ಸಾಕ್ಷಿ, ನಿಮ್ಮ ಮನೆಯ ಗಾಜಿನ ಕಪಾಟಿನಲ್ಲಿ ಬರಿಯ ಬೋಕಿ. ಅಂಕಲಿ ಮಠದ ಗುಹೆಗಳಿಗೆ ಇಳಿಯುವಾಗ ಸ್ಥಳೀಯರೊಬ್ಬರನ್ನು ಜೊತೆಗೆ ಕರೆದುಕೊಂಡು ಅವರ ಶ್ರಮಕ್ಕೆ ಸರಿಯಾದ ಹಣ ಕೊಡಿ, ಬಾವಲಿಗಳ ಮೇಲೆ ಬೆಳಕು ಹಾಯಿಸಬೇಡಿ.

ಹೆಜ್ಜೆ 8: ರಾತ್ರಿಯ ತಂಗುವಿಕೆ

ಲಾಡ್ಜಿನ ನಲ್ಲಿಯನ್ನು ತಿರುಗಿಸುವ ಮುನ್ನ ಆ ನೀರಿನ ಪ್ರಯಾಣವನ್ನು ಒಮ್ಮೆ ನೆನೆಯಿರಿ. ಚಿತ್ರದುರ್ಗ ನಗರಕ್ಕೆ ಕುಡಿಯುವ ನೀರು ಬರುವುದು ಸೂಳೆಕೆರೆಯಿಂದ ಮತ್ತು ವಾಣಿವಿಲಾಸ ಸಾಗರದಿಂದ. ವೇದಾವತಿಗೆ ಅಡ್ಡಲಾಗಿ ಮಾರಿಕಣಿವೆಯಲ್ಲಿ 1897ರಲ್ಲಿ ಆರಂಭವಾಗಿ 1907ರಲ್ಲಿ ಮುಗಿದ ವಾಣಿವಿಲಾಸ ಸಾಗರದ ಅಣೆಕಟ್ಟು 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ. ನಡುವೆ ಎಂಬತ್ತೊಂಬತ್ತು ವರ್ಷ! ಆ ಸುದ್ದಿ ಕೇಳಿ ಬಸ್ಸು, ಟ್ರ್ಯಾಕ್ಟರ್ ಹತ್ತಿ ಹೋಗಿ ನೀರಿಗೆ ಕೈಮುಗಿದು ಬಂದವರು ಈ ಸೀಮೆಯಲ್ಲಿ ಬಹಳ ಮಂದಿ.

ಶವರಿನ ಕೆಳಗೆ ಹತ್ತು ನಿಮಿಷ ನಿಂತರೆ ಎಂಬತ್ತು, ನೂರು ಲೀಟರ್ ಚರಂಡಿಗೆ ಹೋಗುತ್ತದೆ. ಒಂದು ಬಕೆಟ್ಟಿನ ಸ್ನಾನಕ್ಕೆ ಇಪ್ಪತ್ತು ಲೀಟರ್ ಧಾರಾಳ. ದೊಡ್ಡಮ್ಮನ ಲೆಕ್ಕವೇ ಸರಿ ಎಂದು ನಾನು ಒಪ್ಪಿಕೊಂಡದ್ದು ಹೀಗೆ. ಒಂದೇ ರಾತ್ರಿಯ ವಾಸಕ್ಕೆ ಟವೆಲ್ಲು, ಹಾಸಿಗೆ ಹೊದಿಕೆ ಬದಲಾಯಿಸುವಂತೆ ಕೇಳಬೇಡಿ, ಬಟ್ಟೆಯನ್ನು ಮನೆಗೆ ಬಂದು ಒಗೆಯಿರಿ.

ಹೆಜ್ಜೆ 9: ಎರಡನೆಯ ಬೆಳಗು ಜೋಗಿಮಟ್ಟಿಗೆ

ಊರಿಗೆ ಅಂಟಿಕೊಂಡಿರುವ ಈ ಗುಡ್ಡಸಾಲಿನ ಕಾಡು 2015ರಲ್ಲಿ ವನ್ಯಧಾಮವಾಯಿತು. ಚಿರತೆ, ಕರಡಿಗಳಿರುವ ಜಾಗ. ಅರಣ್ಯ ಇಲಾಖೆಯ ಗೇಟಿನಲ್ಲಿ ಹೆಸರು ಬರೆಸಿ ಶುಲ್ಕ ಕಟ್ಟಿಯೇ ಹೋಗಬೇಕು, ಕತ್ತಲಾಗುವ ಮುನ್ನ ಹೊರಬಂದಿರಬೇಕು. ಮೇಲೆ ಹೋಗಲು ವಾಹನ ಬೇಕಾದವರು ಒಂದನ್ನೇ ಹಂಚಿಕೊಳ್ಳಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ವನ್ಯಧಾಮದಲ್ಲಿ ಕಸ ಹರಡುವುದು, ಪ್ರಾಣಿಗಳನ್ನು ಕೆಣಕುವುದು, ಬೆಂಕಿ ಹಚ್ಚುವುದು ಎಲ್ಲವೂ ಅಪರಾಧ. ಡಿಸೆಂಬರ್ ಕಳೆದ ಮೇಲೆ ಇಲ್ಲಿನ ಹುಲ್ಲಿಗೆ ಒಂದು ಬೀಡಿಯ ಕಿಡಿ ಸಾಕು. ಹಾಡು ಹಾಕುವ ಸ್ಪೀಕರನ್ನು ಮನೆಯಲ್ಲಿಯೇ ಬಿಟ್ಟುಬನ್ನಿ.

ತುದಿಯಲ್ಲಿ ನಿಂತು ನೋಡಿದರೆ ಸುತ್ತಲಿನ ಗುಡ್ಡಗಳ ನೆತ್ತಿಯ ಮೇಲೆ ಗಾಳಿಯಂತ್ರಗಳು ಸಾಲಾಗಿ ತಿರುಗುತ್ತಿರುತ್ತವೆ. ಹೊಗೆಯಿಲ್ಲದ ವಿದ್ಯುತ್ತು ಎಂದು ಮೆಚ್ಚುವಾಗಲೇ ಒಂದೊಂದು ಕಂಬದ ಬುಡಕ್ಕೂ ಗುಡ್ಡ ಕಡಿದು ಎಳೆದ ರಸ್ತೆಯನ್ನೂ ಕಣ್ಣು ಗುರುತಿಸುತ್ತದೆ. ಆ ರಸ್ತೆಯ ಮೇಲೆ ಮಳೆಗಾಲದಲ್ಲಿ ಕೊಚ್ಚಿಹೋಗುವ ಮಣ್ಣು ಕೆಳಗಿನ ಕೆರೆಯಲ್ಲಿ ಹೂಳಾಗುತ್ತದೆ. ಗಾಳಿವಿದ್ಯುತ್ತನ್ನು ನಾನು ವಿರೋಧಿಸುವವನಲ್ಲ. ನಮ್ಮ ಮನೆಯ ದೀಪಕ್ಕೂ ಅದರ ಪಾಲಿರಬಹುದು. ಒಂದರ ಉಳಿತಾಯದ ಖರ್ಚು ಇನ್ನೊಂದರ ಖಾತೆಯಲ್ಲಿ ಬರೆದಿರುತ್ತದೆ ಎಂಬುದು ಅಷ್ಟು ಎತ್ತರದಿಂದ ಸ್ಪಷ್ಟವಾಗಿ ಕಾಣುತ್ತದೆ ಎಂದಷ್ಟೇ ನನ್ನ ಮಾತು.

ಹೆಜ್ಜೆ 10: ಹಿಂದಿರುಗಿದ ಮೇಲೆ

ಕಸವನ್ನು ದುರ್ಗದ ತೊಟ್ಟಿಗೆ ಹಾಕದೆ ದಾವಣಗೆರೆಗೇ ತನ್ನಿ. 2022ರ ಜುಲೈ 1ರಿಂದ ದೇಶದಲ್ಲಿ ಒಮ್ಮೆ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ವಸ್ತುಗಳನ್ನು ನಿಷೇಧಿಸಿದ್ದರೂ ಚಿಪ್ಸಿನ ಪೊಟ್ಟಣ, ಬಿಸ್ಕತ್ತಿನ ಹೊದಿಕೆಗಳು ಆ ಪಟ್ಟಿಯಲ್ಲಿಲ್ಲ. ಕೋಟೆಯ ಸಂದುಗಳಲ್ಲಿ ಹೆಚ್ಚಾಗಿ ಸಿಗುವುದೂ ಅವೇ. ರಾತ್ರಿಯೇ ಚೀಲವನ್ನು ಬಿಚ್ಚಿ ಹಸಿ ಕಸ, ಒಣ ಕಸ ಬೇರೆ ಮಾಡಿಟ್ಟು ಬೆಳಗ್ಗೆ ಪಾಲಿಕೆಯ ಗಾಡಿಗೆ ಕೊಡಿ. ಅನಂತರ ಒಂದು ನೋಟುಪುಸ್ತಕದಲ್ಲಿ ನಾಲ್ಕು ಅಂಕಿಗಳನ್ನು ಬರೆದಿಡಿ: ಹೊತ್ತೊಯ್ದ ನೀರು, ಅಲ್ಲಿ ತುಂಬಿಸಿಕೊಂಡ ನೀರು, ಸ್ನಾನಕ್ಕೆ ಬಳಸಿದ ಬಕೆಟ್ಟುಗಳು, ಕೊಂಡ ಪ್ಲಾಸ್ಟಿಕ್ ಬಾಟಲಿಗಳು. ಹೋದ ನವೆಂಬರಿನ ನನ್ನ ಪುಟದಲ್ಲಿ ಎರಡು ಲೀಟರ್, ಮೂರು ಲೀಟರ್, ಎರಡು ಬಕೆಟ್ಟು, ಸೊನ್ನೆ ಎಂದಿದೆ. ಎರಡನೆಯ ಬಕೆಟ್ಟು ಜೋಗಿಮಟ್ಟಿಯ ಧೂಳಿಗೆ ಖರ್ಚಾದದ್ದು. ದೊಡ್ಡಮ್ಮ ಇದ್ದಿದ್ದರೆ ಅದಕ್ಕೂ ಒಂದು ಮಾತು ಕೇಳುತ್ತಿದ್ದರು.